ಕನ್ನಡ ಬರುತ್ತದೆ, ಓದಲು ಬರುವುದಿಲ್ಲ

ಬೋಡಿನಾಯಕನೂರಿನಿಂದ ಪಶ್ಚಿಮಕ್ಕೆ ಹೊರಡುವ ರಸ್ತೆ 17 ಕಡಿದಾದ ತಿರುವುಗಳನ್ನು ಹತ್ತಿ ಬೋಡಿಮೆಟ್ಟಿನಲ್ಲಿ ಘಟ್ಟದ ನೆತ್ತಿ ಮುಟ್ಟುತ್ತದೆ. ಕೊಚ್ಚಿಯಿಂದ ತೊಂಡಿವರೆಗಿನ ರಾಷ್ಟ್ರೀಯ ಹೆದ್ದಾರಿ 85 ಹಾದುಹೋಗುವುದು ಇಲ್ಲಿಯೇ. ಈಚೆಗೆ ತಮಿಳುನಾಡಿನ ತೇನಿ ಜಿಲ್ಲೆ, ಆಚೆಗೆ ಕೇರಳದ ಇಡುಕ್ಕಿ. ಚೆಕ್‌ಪೋಸ್ಟ್ ದಾಟಿದರೆ ಬೋರ್ಡುಗಳ ಲಿಪಿ ಬದಲಾಗುತ್ತದೆ. ಆದರೆ ಬಾಯಿಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಪೂಪಾರೆ, ದೇವಿಕುಳಂ, ಮುನ್ನಾರ್ ಕಡೆಯ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತ ಬಂದವರಲ್ಲಿ ತಮಿಳರೇ ಹೆಚ್ಚು. 2021ರಲ್ಲಿ ದೇವಿಕುಳಂ ಶಾಸಕರು ಕೇರಳ ವಿಧಾನಸಭೆಯಲ್ಲಿ ತಮಿಳಿನಲ್ಲೇ ಪ್ರಮಾಣವಚನ ತೆಗೆದುಕೊಂಡರು.

ಬೆಳಕು ಹರಿಯುವ ಮೊದಲೇ ಕೆಳಗಿನ ಊರುಗಳಿಂದ ಜೀಪುಗಳು ಘಟ್ಟ ಹತ್ತಲು ಶುರು ಮಾಡುತ್ತವೆ. ಬೋಡಿ, ತೇವಾರಂ, ಕಂಬಂ ಸುತ್ತಿನ ಹೆಂಗಸರು ಊಟದ ಡಬ್ಬಿ ಹಿಡಿದು, ಚಳಿಗೆ ತಲೆಗೊಂದು ಬಟ್ಟೆ ಸುತ್ತಿಕೊಂಡು, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿರುತ್ತಾರೆ. ಏಲಕ್ಕಿ ಬಿಡುವುದು ಗಿಡದ ಬುಡದಲ್ಲಿ, ನೆಲಕ್ಕೆ ಹಬ್ಬಿದ ಗೊನೆಯಲ್ಲಿ. ಅದನ್ನು ಕೀಳುವವರು ದಿನವಿಡೀ ಬಾಗಿಯೋ ಕುಕ್ಕರಗಾಲಲ್ಲಿ ಕೂತೋ ಇರಬೇಕು. ಬಲಿತ ಕಾಯಿ ಯಾವುದು, ಇನ್ನೂ ಬಿಡಬೇಕಾದ್ದು ಯಾವುದು ಎಂದು ಬೆರಳಿಗೇ ಗೊತ್ತಿರಬೇಕು. ಜೀಪಿನಲ್ಲಿ ತಮಿಳು, ತೋಟದಲ್ಲಿ ಅರ್ಧ ಮಲಯಾಳ. ಇವರಲ್ಲಿ ಕೆಲವರು ಸಂಜೆ ಮನೆಗೆ ಬಂದು ಮಕ್ಕಳನ್ನು ಊಟಕ್ಕೆ ಕರೆಯುವುದು ಕನ್ನಡದಲ್ಲಿ.

ಹೌದು, ಕನ್ನಡದಲ್ಲಿ. ಇದು ಹೊಸೂರಲ್ಲ, ತಾಳವಾಡಿಯಲ್ಲ, ಕಾಸರಗೋಡಂತೂ ಅಲ್ಲ. ಕರ್ನಾಟಕದ ಗಡಿಯಿಂದ ನೂರಾರು ಕಿಲೋಮೀಟರ್ ದಕ್ಷಿಣಕ್ಕಿರುವ ಕಣಿವೆ. ಕಂಬಂ, ಉತ್ತಮಪಾಳ್ಯಂ, ಬೋಡಿ ಸುತ್ತ ಒಕ್ಕಲಿಗರ್ ಎಂದೂ ಕಾಪ್ಪಿಲಿಯರ್ ಎಂದೂ ಕರೆಸಿಕೊಳ್ಳುವ ಬೇಸಾಯಗಾರರ ಮನೆಮಾತು ಕನ್ನಡ. ಅನುಪ್ಪರ್ ಎಂಬ ಸಮುದಾಯದವರದ್ದೂ ಅದೇ. ತಮಿಳುನಾಡಿನ ದೇವಾಂಗ ನೇಕಾರರಲ್ಲೂ ಕನ್ನಡದ ಮನೆಗಳಿವೆ. ವಿಜಯನಗರ ಮತ್ತು ಮದುರೆ ನಾಯಕರ ಕಾಲದ ವಲಸೆಗಳಲ್ಲಿ ತೆಂಕಣಕ್ಕೆ ಇಳಿದವರ ಸಂತತಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಈ ಲೇಖನ ಆ ಮನೆಗಳಿಂದ ಓದಲು ಹೊರಡುವ ಮಕ್ಕಳ ಬಗ್ಗೆ. ಹಲವು ಭಾಷೆಗಳ ದೊಡ್ಡ ಊರಿನಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಯ ಬದುಕು ಹೇಗಿರುತ್ತದೆ ಎಂದು ನಾವು ಮಾತಾಡುವಾಗ ನಮ್ಮ ಕಣ್ಣೆದುರು ಬರುವುದು ವಿಮಾನ ಇಳಿದವರು. ರಾತ್ರಿ ಬಸ್ಸಿನಲ್ಲಿ ತೇನಿ, ದಿಂಡಿಗಲ್, ಸೇಲಂ, ಹೊಸೂರು ಹಾದು ಬೆಳಗಾಗುವಾಗ ಬೆಂಗಳೂರಿನಲ್ಲಿ ಇಳಿಯುವ ಕನ್ನಡದ ಹುಡುಗಿ ನಮ್ಮ ಲೆಕ್ಕಕ್ಕೆ ಬಂದೇ ಇಲ್ಲ.

ಮೊದಲು ಆ ಕಣಿವೆಯಲ್ಲಿ ಕನ್ನಡ ಹೇಗೆ ಉಳಿಯಿತು ಎಂಬುದನ್ನು ನೋಡಬೇಕು. ಶಾಲೆಯಿಂದ ಉಳಿದದ್ದಲ್ಲ, ಸರ್ಕಾರದಿಂದಲೂ ಅಲ್ಲ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಮದುರೆ ಜಿಲ್ಲೆಯ ಗೆಜೆಟಿಯರ್ ಬರೆದ. ತೇನಿ ಪ್ರತ್ಯೇಕ ಜಿಲ್ಲೆಯಾದದ್ದು 1990ರ ದಶಕದಲ್ಲಿ, ಆಗ ಈ ಕಣಿವೆಯೂ ಮದುರೆಯದೇ ಭಾಗ. ಆ ಗೆಜೆಟಿಯರಿನಲ್ಲಿ ಕಂಬಂನ ಒಂದು ದನದ ಹಿಂಡಿನ ವಿವರಣೆ ಇದೆ. ಕಾಪ್ಪಿಲಿಯರು ವಲಸೆ ಬರುವಾಗ ತಮ್ಮ ಜೊತೆ ಹೊಡೆದುಕೊಂಡು ಬಂದದ್ದೆಂದು ನಂಬುವ ಹಿಂಡು ಅದು. ತಮಿಳಿನಲ್ಲಿ ಅದಕ್ಕೆ ತಂಬಿರಾನ್ ಮಾಡು ಎಂದೂ ಕನ್ನಡದಲ್ಲಿ ದೇವರ ಆವು ಎಂದೂ ಹೆಸರು ಎಂದು ಆತ ಬರೆದುಕೊಂಡಿದ್ದಾನೆ.

ಹಿಂಡಿಗೊಂದು ಅರಸು ಗೂಳಿ ಇರುತ್ತದೆ, ಅದು ಪಟ್ಟದ ಆವು. ಅದು ಸತ್ತರೆ ಮುಂದಿನದನ್ನು ಆರಿಸುವ ಕ್ರಮ ಬೆರಗು ಹುಟ್ಟಿಸುವಂಥದ್ದು. ಒಳ್ಳೆಯ ದಿನ ನೋಡಿ ಜನ ಸೇರುತ್ತಾರೆ. ಧೂಪ ಹಾಕಿ, ಹಿಂಡಿನ ಎದುರು ಕಬ್ಬಿನ ಕಟ್ಟು ಇಡುತ್ತಾರೆ. ಯಾರೂ ಯಾವ ಗೂಳಿಯನ್ನೂ ತಳ್ಳುವಂತಿಲ್ಲ, ಕರೆಯುವಂತಿಲ್ಲ. ತಾನಾಗಿಯೇ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕಿದ ಗೂಳಿಗೆ ಪಟ್ಟ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಲಂಕರಿಸಿ ಮೆರವಣಿಗೆ ಮಾಡುತ್ತಾರೆ. ಕಂಬಂನ ನಂದಗೋಪಾಲಸ್ವಾಮಿ ತಂಬಿರಾನ್ ಮಾಟ್ಟು ತೊಳು, ಅಂದರೆ ಆ ದನದ ದೊಡ್ಡಿ, ಇವತ್ತಿಗೂ ಇದೆ. ಮಾಟ್ಟು ಪೊಂಗಲ್ ದಿನ ಅಲ್ಲಿ ಜನಸಾಗರ. ಹರಕೆ ಹೊತ್ತವರು ಕರುಗಳನ್ನು ತಂದು ಒಪ್ಪಿಸುತ್ತಾರೆ, ಬರುವವರಲ್ಲಿ ಕನ್ನಡ ಒಂದಕ್ಷರವೂ ಗೊತ್ತಿಲ್ಲದವರೂ ಇದ್ದಾರೆ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಪುಸ್ತಕ, ಪತ್ರಿಕೆ, ಪಾಠಶಾಲೆ ಯಾವುದೂ ಇಲ್ಲದೆ ಒಂದು ಭಾಷೆ ಶತಮಾನಗಳನ್ನು ದಾಟಬೇಕಾದರೆ ಅದಕ್ಕೆ ಮಾಡಲು ಕೆಲಸ ಬೇಕು. ದನ, ದೊಡ್ಡಿ, ಹೊಲ, ಮದುವೆ, ಸೂತಕ, ಅಜ್ಜಿಯ ಬೈಗುಳ ಇವೆಲ್ಲ ಕನ್ನಡದ ಪಾಲಿಗೆ ಉಳಿದವು. ಸಂತೆ, ಕಚೇರಿ, ಶಾಲೆ ತಮಿಳಿಗೆ ಹೋದವು. ಘಟ್ಟದ ಮೇಲಿನ ಕೂಲಿಗೆ ಸ್ವಲ್ಪ ಮಲಯಾಳ. ಈಗ ಕಾಲೇಜಿಗೆ ಇಂಗ್ಲಿಷ್. ಬೋಡಿಯಲ್ಲಿ ಏಲಕ್ಕಿ ಬೆಳೆಗಾರರ ಸಂಘವೇ ನಡೆಸುವ ಕಾಲೇಜಿದೆ, 2012ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿಯ ತರಗತಿಗೆ ಬರುವಷ್ಟರಲ್ಲಿ ಈ ಮನೆಗಳ ಮಕ್ಕಳು ನಾಲ್ಕು ಭಾಷೆಗಳ ನಡುವೆ ದಾರಿ ಮಾಡಿಕೊಂಡಿರುತ್ತಾರೆ. ಇದನ್ನು ಅವರು ಸಾಧನೆ ಎಂದು ಹೇಳಿಕೊಳ್ಳುವುದಿಲ್ಲ. ನಾವಾದರೂ ಹೇಳಬೇಕು.

ಇದರಲ್ಲಿ ಕಳೆದುಹೋದದ್ದು ಅಕ್ಷರ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಕೊಡಿ ಎಂದು ರಾಜ್ಯಗಳಿಗೆ ಹೇಳುತ್ತದೆ. ಅದು 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ ಬಂದ ವಿಧಿ. ಗಡಿಯ ಊರುಗಳಲ್ಲಿ ಅದರ ಹೆಸರಿನಲ್ಲಿ ಹೋರಾಟ ನಡೆಯಿತು, ಕೆಲವು ಶಾಲೆಗಳು ಉಳಿದವು. ಗಡಿಯಿಂದ ಇಷ್ಟು ದೂರವಿದ್ದು, ತಮಿಳರ ನಡುವೆ ಚದುರಿ ಬದುಕುವವರಿಗೆ ಅಂಥ ಹೋರಾಟದ ಬಲ ಎಲ್ಲಿಂದ ಬರಬೇಕು? 1968ರಿಂದ ತಮಿಳುನಾಡಿನದು ದ್ವಿಭಾಷಾ ನೀತಿ. 2006ರ ಕಾಯ್ದೆಯಿಂದ ಹತ್ತನೇ ತರಗತಿವರೆಗೆ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ತಮಿಳು ಕಲಿಯಬೇಕಾದ್ದು ಸರಿಯೇ, ಆ ನೆಲದಲ್ಲಿ ಬದುಕುವವರಿಗೆ ಅದು ಬೇಕು. ಮನೆಮಾತಿನ ಅಕ್ಷರಕ್ಕೆ ಮಾತ್ರ ಜಾಗ ಸಿಗಲಿಲ್ಲ.

ಹಾಗಾಗಿ ಈ ಮನೆಯ ಮಕ್ಕಳಿಗೆ ಬರೆಯಲು ಕೈಗೆ ಸಿಗುವುದು ತಮಿಳು ಲಿಪಿ. ಆ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಪ, ಬ ಎರಡಕ್ಕೂ ಒಂದೇ. ಬಾಯಿಯಲ್ಲಿ ಸ್ಪಷ್ಟವಾಗಿ ಬೇರೆಬೇರೆಯಾಗಿರುವ ‘ಪಾಲು’ ಮತ್ತು ‘ಬಾಲು’ ಕಾಗದದ ಮೇಲೆ ಒಂದೇ ಆಗುತ್ತವೆ. ಕನ್ನಡವನ್ನು ಹೀಗೆ ಬರೆದರೆ ಅದನ್ನು ಓದಬಲ್ಲವರು ಬರೆದವರ ಮನೆಯವರು ಮಾತ್ರ.

ಈಗ ಇಂಥ ಮನೆಯ ಹುಡುಗಿಯೊಬ್ಬಳು ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದಳು ಎಂದುಕೊಳ್ಳಿ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಊರು ಕನ್ನಡದ್ದು, ವ್ಯವಹಾರ ಇಂಗ್ಲಿಷಿನದ್ದು, ಸುತ್ತ ತಮಿಳು, ತೆಲುಗು, ಉರ್ದು, ಹಿಂದಿ, ಮಲಯಾಳ. ಬಸ್ಸಿನಲ್ಲಿ ಕಂಡಕ್ಟರ್ ಹೇಳುವುದು ಅವಳಿಗೆ ಅರ್ಥವಾಗುತ್ತದೆ. ಬಸ್ಸಿನ ಹಣೆಯ ಮೇಲಿನ ಬೋರ್ಡು ಅರ್ಥವಾಗುವುದಿಲ್ಲ. ಬಾಯಿ ತೆರೆದರೆ ಅವಳ ಕನ್ನಡಕ್ಕೆ ತಮಿಳಿನ ಇಳಿಜಾರಿದೆ, ಇಲ್ಲಿ ಬಳಕೆ ತಪ್ಪಿದ ಹಳೆಯ ಮಾತುಗಳಿವೆ. ಕೇಳಿದವರು ‘ತಮಿಳಾ?’ ಎಂದು ಕೇಳಿ ತಮಿಳಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಮನೆಯಲ್ಲಿ ಆಡಿದ ಭಾಷೆಯನ್ನು ಮೊದಲ ಸಲ ಒಂದು ದೊಡ್ಡ ಊರಿನಲ್ಲಿ, ಅಂಗಡಿಯಲ್ಲಿ, ಕಾಲೇಜಿನಲ್ಲಿ, ಟಿವಿಯಲ್ಲಿ ಕೇಳಿಸಿಕೊಂಡ ಅವಳಿಗೆ ಆಗಬಹುದಾದ ಸಂತೋಷವನ್ನು ನಾವು ಹೀಗೆ ಒಂದು ಪ್ರಶ್ನೆಯಲ್ಲಿ ಮುಗಿಸುತ್ತೇವೆ. ನಾಲ್ಕು ದಿನದಲ್ಲಿ ಅವಳೂ ಇಂಗ್ಲಿಷಿಗೆ ಹೊರಳುತ್ತಾಳೆ.

ಕಾಲೇಜಿನಲ್ಲಿ ಏನಾಗುತ್ತದೆ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಕನ್ನಡಕ್ಕೆ ಎರಡು ದಾರಿಗಳಿವೆ. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಮೊದಲನೆಯದು ಸಾಹಿತ್ಯದ ಓದು. ಎರಡನೆಯದು ನಿಮ್ಮ ಹೆಸರೇನು, ಬಸ್ ನಿಲ್ದಾಣ ಎಲ್ಲಿದೆ ಎಂಬಲ್ಲಿಂದ ಶುರುವಾಗುವ ಮಾತಿನ ಕಲಿಕೆ. ಈ ಏರ್ಪಾಡು ಒಳ್ಳೆಯದೇ, ಹೊರಗಿನಿಂದ ಬಂದ ಸಾವಿರಾರು ಮಕ್ಕಳಿಗೆ ಕನ್ನಡದ ಬಾಗಿಲು ತೆರೆದದ್ದು ಅದು. ಆದರೆ ಕಂಬಂನ ಹುಡುಗಿ ಎಲ್ಲಿ ಕೂರಬೇಕು? ಮೊದಲ ತರಗತಿಯ ಪುಸ್ತಕ ಅವಳಿಗೆ ಓದಲಾಗದು. ಎರಡನೆಯ ತರಗತಿ ಕಲಿಸುವುದು ಅವಳು ತೊಟ್ಟಿಲಲ್ಲೇ ಕಲಿತದ್ದನ್ನು. ಕನ್ನಡ ಬರುವವರು, ಬಾರದವರು ಎಂದು ಗೆರೆ ಎಳೆದವರಿಗೆ ಮಾತು ಮತ್ತು ಅಕ್ಷರ ಬೇರೆಬೇರೆಯಾಗಿ ಬರಬಹುದು ಎಂಬುದು ಹೊಳೆದಿಲ್ಲ.

ಪ್ರವೇಶದ ಹಂತದಲ್ಲಿ ಇದು ಇನ್ನೂ ಕಠಿಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಅವಕಾಶವಿದೆ. ಬೇರೆ ಷರತ್ತುಗಳ ಜೊತೆ ಅವರು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. 4ನೇ ತರಗತಿ ಮಟ್ಟದ, 50 ಅಂಕದ ಪ್ರಶ್ನೆಪತ್ರಿಕೆ, 12 ಅಂಕ ಬಂದರೆ ತೇರ್ಗಡೆ. ಕರ್ನಾಟಕದಲ್ಲಿ ಓದಿದವರಿಗೆ ಇದು ಏನೇನೂ ಅಲ್ಲ. ಕಾಸರಗೋಡಿನ ಕನ್ನಡ ಶಾಲೆಯಿಂದ ಬಂದವರಿಗೂ ಕಷ್ಟವಿಲ್ಲ. ಅಕ್ಷರವನ್ನೇ ಕಾಣದವಳಿಗೆ ಅದು ಗೋಡೆ. ಅದರಲ್ಲಿ ತೇರ್ಗಡೆಯಾಗದವಳಿಗೆ ಉಳಿಯುವುದು ಕಾಮೆಡ್-ಕೆ ಅಥವಾ ಆಡಳಿತ ಮಂಡಳಿಯ ಸೀಟು, ಸರ್ಕಾರಿ ಕೋಟಾದ ಶುಲ್ಕಕ್ಕಿಂತ ಎಷ್ಟೋ ಹೆಚ್ಚು ಖರ್ಚು. ಏಲಕ್ಕಿ ತೋಟದ ಕೂಲಿಯಲ್ಲಿ ಆ ಲೆಕ್ಕ ಹೊಂದುವುದಿಲ್ಲ. ಕನ್ನಡದವಳು ಎಂದು ಸಾಬೀತು ಮಾಡಲು ನಾವು ಕೇಳುವ ಒಂದೇ ಒಂದು ಸಾಕ್ಷಿ ಅವಳ ಹತ್ತಿರ ಇಲ್ಲದ ಸಾಕ್ಷಿ. ಇದು ಅನ್ಯಾಯ. ಉದ್ದೇಶಪೂರ್ವಕ ಅಲ್ಲ ಎಂದ ಮಾತ್ರಕ್ಕೆ ಅನ್ಯಾಯ ಕಡಿಮೆಯಾಗುವುದಿಲ್ಲ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ? ಕೆನಡಾದ ಮಾಂಟ್ರಿಯಲ್ ನೋಡಿ. ಇಂಗ್ಲಿಷ್, ಫ್ರೆಂಚ್ ಎರಡೂ ಒಟ್ಟಿಗೆ ನಡೆಯುವ ಊರು. ಫ್ರೆಂಚ್ ಕಾಪಾಡಲು ಕ್ಯುಬೆಕ್ ಪ್ರಾಂತ್ಯ 1977ರಲ್ಲಿ ಕಟ್ಟುನಿಟ್ಟಿನ ಕಾನೂನು ತಂದಿತು. ಅಂಗಡಿಗಳಲ್ಲಿ ಗಿರಾಕಿಯನ್ನು ‘ಬೊಂಜೂರ್, ಹಾಯ್’ ಎಂದು ಎರಡು ಭಾಷೆಯಲ್ಲಿ ಸ್ವಾಗತಿಸುವುದೂ ಅಲ್ಲಿ ರಾಜಕೀಯವೇ. ಬರೀ ಬೊಂಜೂರ್ ಎನ್ನಿ ಎಂದು ಕೋರುವ ನಿರ್ಣಯವನ್ನು 2017ರಲ್ಲಿ ಅಲ್ಲಿಯ ಶಾಸನಸಭೆ ಅಂಗೀಕರಿಸಿತು. ಮೆಕ್‌ಗಿಲ್‌ನಂಥ ಇಂಗ್ಲಿಷ್ ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಹುಡುಗನಿಗೆ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅರೆಕಾಲಿಕ ಕೆಲಸಕ್ಕೆ ಕೆಫೆಗೆ ಹೋದರೆ ಫ್ರೆಂಚ್ ಬೇಕು. ರಾತ್ರಿ ಅಮ್ಮನ ಜೊತೆ ಫೋನಿನಲ್ಲಿ ಕನ್ನಡ. ಊರು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಮೊದಲ ಎರಡನ್ನು, ಅವನನ್ನು ಹಿಡಿದು ನಿಲ್ಲಿಸುವುದು ಮೂರನೆಯದು. ಈ ವಿಷಯದಲ್ಲಿ ಬೋಡಿಮೆಟ್ಟಿಗೂ ಮಾಂಟ್ರಿಯಲ್‌ಗೂ ವ್ಯತ್ಯಾಸ ಕಡಿಮೆ.

ಆದರೆ ಕ್ಯುಬೆಕ್‌ನಿಂದ ನಾವು ಕಲಿಯಬಹುದಾದ ಒಂದು ಅಂಶವಿದೆ. ವಲಸಿಗರ ಫ್ರೆಂಚನ್ನು ಅಳೆಯಲು ಅವರು 12 ಹಂತಗಳ ಅಳತೆ ಇಟ್ಟುಕೊಂಡಿದ್ದಾರೆ. ಅದರಲ್ಲಿ ಮಾತಿಗೂ ಬರಹಕ್ಕೂ ಬೇರೆಬೇರೆ ಲೆಕ್ಕ. ಅಲ್ಲಿ ಓದಿ ಮುಗಿಸಿದವರು ನೆಲೆಸಲು ಅರ್ಜಿ ಹಾಕುವಾಗ ಮಾತಿನ 7ನೇ ಹಂತವನ್ನು ಪ್ರತ್ಯೇಕವಾಗಿ ಕೇಳಿದ್ದುಂಟು. ಯುರೋಪಿನ ಭಾಷಾ ಮಟ್ಟದ ಚೌಕಟ್ಟೂ ಹೀಗೇ, ಕೇಳುವುದು, ಮಾತಾಡುವುದು, ಓದುವುದು, ಬರೆಯುವುದನ್ನು ಬೇರೆಬೇರೆಯಾಗಿ ನೋಡುತ್ತದೆ. ಒಬ್ಬ ವ್ಯಕ್ತಿ ಮಾತಿನಲ್ಲಿ ಮೇಲಿನ ಮೆಟ್ಟಿಲಲ್ಲಿ, ಬರಹದಲ್ಲಿ ಮೊದಲ ಮೆಟ್ಟಿಲಲ್ಲಿ ಇರಬಹುದು, ಅದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತ ಬೆಳೆದು ಶಾಲೆಯಲ್ಲಿ ಅದನ್ನು ಓದದ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ತರಗತಿಗಳಿವೆ. ಹೊಸದಾಗಿ ಕಲಿಯುವವರ ಜೊತೆ ಅವರನ್ನು ಕೂರಿಸುವುದಿಲ್ಲ.

ನಮಗೂ ಈ ತಿಳಿವಳಿಕೆ ಇಲ್ಲವೆಂದಲ್ಲ. ಅಮೆರಿಕದ ಕನ್ನಡ ಮನೆಗಳ ಮಕ್ಕಳು ವಾರಾಂತ್ಯದ ‘ಕನ್ನಡ ಕಲಿ’ ತರಗತಿಗಳಲ್ಲಿ ಅ, ಆ ತಿದ್ದುವಾಗ ನಾವೆಲ್ಲ ಹೆಮ್ಮೆ ಪಡುತ್ತೇವೆ. ಆ ಮಗು ತೊದಲಿದರೂ ಚಪ್ಪಾಳೆ. ಆ ಚಪ್ಪಾಳೆ ಸರಿಯಾದದ್ದೇ. ಅದೇ ಸ್ಥಿತಿಯ, ಅದಕ್ಕಿಂತ ಎಷ್ಟೋ ಸರಾಗವಾಗಿ ಕನ್ನಡ ಮಾತಾಡುವ ಕಂಬಂನ ಮಗುವಿಗೆ ಸಿಗುವುದು ‘ತಮಿಳಾ?’ ಎಂಬ ಪ್ರಶ್ನೆ. ಒಂದು ಮನೆ ಸಾಗರ ದಾಟಿ ಮೂವತ್ತು ವರ್ಷವಾಗಿದೆ, ಇನ್ನೊಂದು ಮನೆ ಕಾವೇರಿ ದಾಟಿ ಶತಮಾನಗಳಾಗಿವೆ. ಭಾಷೆಯನ್ನು ಹೆಚ್ಚು ಕಾಲ ಹೊತ್ತವರು ಯಾರು ಎಂದು ಕೇಳಿಕೊಂಡರೆ ಚಪ್ಪಾಳೆ ಎಲ್ಲಿ ಕಡಿಮೆ ಬಿದ್ದಿದೆ ಎಂದು ತಿಳಿಯುತ್ತದೆ.

ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಕರ್ನಾಟಕ ಸಣ್ಣ ಹೆಸರಲ್ಲ. 2019–20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೇಶದಲ್ಲಿ ಓದುತ್ತಿದ್ದ ವಿದೇಶಿಯರು 49,348, ಅವರು ಬಂದದ್ದು 168 ದೇಶಗಳಿಂದ, ಅತಿ ಹೆಚ್ಚು ಮಂದಿ ಇದ್ದ ರಾಜ್ಯ ಕರ್ನಾಟಕ. ಮೈಸೂರು, ಮಣಿಪಾಲ, ಬೆಂಗಳೂರಿನ ಕ್ಯಾಂಪಸ್‌ಗಳು ಅವರಿಗೆ ಹಾಸ್ಟೆಲ್, ವೀಸಾ ನೆರವು, ಸ್ವಾಗತ ಶಿಬಿರ ಎಲ್ಲ ನಡೆಸುತ್ತವೆ. ಅಂಥ ಶಿಬಿರದ ಒಂದು ಮೂಲೆಯಲ್ಲಿ ಕಂಬಂ, ಬೋಡಿಯಿಂದ ಬಂದ ಕನ್ನಡಿಗರಿಗೂ ಒಂದು ಕುರ್ಚಿ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ನಾನು ಕೇಳುವುದು ಮೂರನೆಯ ತರಗತಿ. ಮಾತು ಬಲ್ಲ, ಅಕ್ಷರ ಅರಿಯದ ಕನ್ನಡಿಗರಿಗೆ. ಪ್ರವೇಶದ ಭಾಷಾ ಪರೀಕ್ಷೆಯಲ್ಲಿ ಒಂದು ಮೌಖಿಕ ಭಾಗವೂ ಇರಲಿ: ಎದುರು ಕೂತು ಹತ್ತು ನಿಮಿಷ ಮಾತಾಡಿದರೆ ಮನೆಮಾತು ಯಾವುದೆಂದು ಯಾವ ಕನ್ನಡ ಮೇಷ್ಟರಿಗೂ ಗೊತ್ತಾಗುತ್ತದೆ. ಆಮೇಲೆ ಮೊದಲ ಸೆಮಿಸ್ಟರಿನಲ್ಲಿ ಅಕ್ಷರ ಕಲಿಸಿ. ಇದು ಬಹಳ ದಿನ ಹಿಡಿಯುವ ಕೆಲಸವಲ್ಲ. ಕ ಮತ್ತು ಗ ಬೇರೆ ಎಂದು ಅವರ ಕಿವಿಗೆ ಯಾರೂ ಕಲಿಸಬೇಕಿಲ್ಲ, ಆ ಎರಡು ದನಿಗೆ ಎರಡು ಗುರುತು ತೋರಿಸಿದರೆ ಸಾಕು. ಕಾಗುಣಿತದ ತರ್ಕ ತಮಿಳು ಕಲಿತವರಿಗೆ ಹೊಸದಲ್ಲ. ಒತ್ತಕ್ಷರವೊಂದೇ ಸ್ವಲ್ಪ ತಡೆದೀತು, ತಮಿಳು ಬರಹದಲ್ಲಿ ವ್ಯಂಜನಗಳು ಒಂದರ ಕೆಳಗೊಂದು ಕೂರುವುದಿಲ್ಲ.

ಸಾಹಿತ್ಯದ ಓದಿಗೆ ಬಂದರೆ ಅವರು ನಮ್ಮ ಮಕ್ಕಳಿಗಿಂತ ಒಂದು ಹೆಜ್ಜೆ ಮುಂದೆಯೂ ಇರಬಹುದು. ಹಳಗನ್ನಡದ ಶಾಸನಗಳಲ್ಲಿ ಕಾಣುವ ೞ ಮತ್ತು ಱ ಅಕ್ಷರಗಳನ್ನು ಇವತ್ತಿನ ಕನ್ನಡ ಕೈಬಿಟ್ಟಿದೆ, ತಮಿಳಿನಲ್ಲಿ ಅವಕ್ಕೆ ಜೊತೆಯಾದ ಅಕ್ಷರಗಳು ದಿನಬಳಕೆಯಲ್ಲಿವೆ. ಪಂಪನ ಕಾಲದ ಕನ್ನಡದಲ್ಲಿ ಆವು ಎಂದರೆ ಏನು ಎಂದು ಬೆಂಗಳೂರಿನ ವಿದ್ಯಾರ್ಥಿ ಟಿಪ್ಪಣಿ ನೋಡಬೇಕು, ಕಂಬಂನ ವಿದ್ಯಾರ್ಥಿ ದೊಡ್ಡಿಯಲ್ಲಿ ನೋಡಿರುತ್ತಾಳೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಿಂದ ಕೆಲಸ ಮಾಡುತ್ತಿದೆ, ಭಾಷೆ ಕಲಿಸುವ ಅನುಭವ ಅಲ್ಲಿದೆ. ಪಾಠ ಸಿದ್ಧಪಡಿಸಲು ಆ ಕಣಿವೆಗೆ ಹೋಗಿ ಕೂರುವ ಕೆಲವು ಮೇಷ್ಟರು ಬೇಕು.

ಆ ಸೆಮಿಸ್ಟರಿನ ಕೊನೆಗೆ ಪ್ರಶ್ನೆಪತ್ರಿಕೆ ಬೇಡ. ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಿಯ ಹಿರಿಯರನ್ನೋ ಕೂರಿಸಿಕೊಂಡು, ಪಟ್ಟದ ಆವನ್ನು ಆರಿಸುವ ದಿನ ಏನೇನು ನಡೆಯುತ್ತದೆ ಎಂದು ಕೇಳಿ, ಅವರು ಹೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ನಾಲ್ಕು ಪುಟ ಬರೆದು ತರಲಿ. 1906ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟವನು ಹೊರಗಿನವನು. ಈ ಸಲ ಬರೆಯುವವರು ಮನೆಯವರಾಗಲಿ, ಅದಕ್ಕೆ ಅಂಕವನ್ನೂ ಕೊಡಲಿ.